ಹಳೆಯ ಹೆಸರು, ಹೊಸ ಕಂಠ: ಜೆನೆಸಿಸ್ ಬ್ಯಾಂಡಿನ ಕೊನೆಯ ಆಲ್ಬಂ

ಕಂಪನಿ ದೊಡ್ಡದೋ ನಟ ದೊಡ್ಡವನೋ ಎಂಬ ವಾದ ನಮ್ಮ ತುಮಕೂರು ಸೀಮೆಯವರಿಗೆ ಹೊಸದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಮಂಡಳಿಯನ್ನು ಅದರ ವೈಭವದ ದಿನಗಳಲ್ಲಿ ಕಣ್ಣಾರೆ ಕಂಡವರು ಈಗ ವಿರಳ. ಆದರೆ ಅದನ್ನು ಕುರಿತ ಮಾತು ಜಗಲಿಯ ಮೇಲೆ ಇನ್ನೂ ಮುಗಿದಿಲ್ಲ. ಬಾಲಕನಾಗಿ ಸೇರಿ ಮುಂದೆ ಒಡೆಯರಾದ ವೀರಣ್ಣನವರ ಕಾಲದಲ್ಲಿ ಎಷ್ಟೋ ನಟನಟಿಯರು ಆ ರಂಗಕ್ಕೆ ಬಂದರು, ಹೋದರು. ಸಿನಿಮಾ ಕೈಬೀಸಿ ಕರೆದಾಗ ಹಲವರು ಅತ್ತ ನಡೆದರು. ಬೋರ್ಡಿನ ಮೇಲಿನ ಹೆಸರು ಮಾತ್ರ ಅದೇ. ಟಿಕೇಟು ಕೊಳ್ಳುವವನಿಗೆ ಆ ಹೆಸರೇ ಸಾಕು. ಇದು ಒಂದು ಪಕ್ಷ. ಇನ್ನೊಂದು ಪಕ್ಷದವರು, ‘ಸದಾರಮೆ’ಯ ಕಳ್ಳನ ಪಾರ್ಟಿನಲ್ಲಿ ವೀರಣ್ಣನವರು ಕಾಣದಿದ್ದ ಮೇಲೆ ಅದು ಗುಬ್ಬಿ ಕಂಪನಿಯ ‘ಸದಾರಮೆ’ ಹೇಗಾದೀತು, ಎಂದು ಕೇಳುತ್ತಾರೆ. ಎರಡು ಮಾತಿಗೂ ಬೆಲೆಯುಂಟು. ಯಾವ ಸಂದರ್ಭದಲ್ಲಿ ಯಾವುದು ನಿಜವಾಗುತ್ತದೆ ಎಂಬುದೇ ವಿಚಾರ ಮಾಡಬೇಕಾದ ಸಂಗತಿ.

ಈ ವಿಚಾರಕ್ಕೆ ಈಚೆಗೆ ನನ್ನನ್ನು ಮತ್ತೆ ಹಚ್ಚಿದುದು ನಾಟಕವಲ್ಲ, ದೂರದ ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡಿನ ಕೊನೆಯ ಆಲ್ಬಂ. ಬ್ಯಾಂಡಿನ ಹೆಸರು ಜೆನೆಸಿಸ್. ಆಲ್ಬಮ್ಮಿನ ಹೆಸರು ‘ಕಾಲಿಂಗ್ ಆಲ್ ಸ್ಟೇಷನ್ಸ್’. ಹೊರಬಂದುದು 1997ರ ಸೆಪ್ಟೆಂಬರಿನಲ್ಲಿ. ದಾರಿ ತಪ್ಪಿದವನೊಬ್ಬ ಕೇಳಿಸಿಕೊಳ್ಳುವವರು ಯಾರಿದ್ದರೂ ಆಗಲಿ ಎಂದು ರೇಡಿಯೋದಲ್ಲಿ ಎಲ್ಲ ಠಾಣೆಗಳಿಗೂ ಕೂಗುವ ಕೂಗು ಆ ಹೆಸರಿನಲ್ಲಿದೆ. ಕೂಗಿಗೆ ಹೆಚ್ಚು ಜನ ಓಗೊಡಲಿಲ್ಲ. ಹಳೆಯ ಗಾಯಕ ಬಿಟ್ಟುಹೋಗಿದ್ದ; ಹೊಸಬನೊಬ್ಬ ಬಂದು ಹಾಡಿದ; ಆಲ್ಬಂ ಸೋತಿತು; ಬ್ಯಾಂಡು ಆಮೇಲೆ ಹೊಸ ಆಲ್ಬಂ ಮಾಡಲೇ ಇಲ್ಲ. ಇಷ್ಟನ್ನು ಕೇಳಿದವರು ತಟ್ಟನೆ ‘ಹೊಸಬನ ಕೈಗುಣ’ ಎಂದು ತೀರ್ಪು ಕೊಟ್ಟುಬಿಡುವುದು ಸಹಜ. ಪಶ್ಚಿಮದ ರಸಿಕರೂ ಬಹುಮಟ್ಟಿಗೆ ಅದನ್ನೇ ಕೊಟ್ಟಿದ್ದಾರೆ. ಆ ತೀರ್ಪು ಅನ್ಯಾಯದ್ದು ಎಂಬುದು ನನ್ನ ಅಭಿಪ್ರಾಯ. ಅನ್ಯಾಯ ಎಂಬ ದೊಡ್ಡ ಮಾತನ್ನೇಕೆ ಬಳಸಿದೆನೆಂಬುದಕ್ಕೆ ಸ್ವಲ್ಪ ಹಿಂದಿನ ಕತೆ ಹೇಳಬೇಕಾಗುತ್ತದೆ.

ಜೆನೆಸಿಸ್ ಹುಟ್ಟಿದುದು 1967ರಲ್ಲಿ, ಸರೆ ಪ್ರಾಂತದ ಚಾರ್ಟರ್‌ಹೌಸ್ ಎಂಬ ಸಿರಿವಂತರ ಶಾಲೆಯ ಹುಡುಗರಿಂದ. ಪೀಟರ್ ಗೇಬ್ರಿಯಲ್ ಹಾಡುತ್ತಿದ್ದ. ಟೋನಿ ಬ್ಯಾಂಕ್ಸ್ ಕೀಬೋರ್ಡ್ ನುಡಿಸುತ್ತಿದ್ದ. ಮೈಕ್ ರುದರ್‌ಫರ್ಡ್ ಮತ್ತು ಆಂತೊನಿ ಫಿಲಿಪ್ಸ್ ಗಿಟಾರ್ ಹಿಡಿದಿದ್ದರು. ಮೂರು ನಿಮಿಷದ ಪ್ರೇಮಗೀತೆಗಳ ಕಾಲದಲ್ಲಿ ಇವರು ಇಪ್ಪತ್ತು ನಿಮಿಷದ ಕಥನಗೀತೆಗಳನ್ನು ಕಟ್ಟಿದರು. ಗೇಬ್ರಿಯಲ್ ಅಂತೂ ಅಚ್ಚ ಕಂಪನಿ ನಟ. 1972ರಲ್ಲಿ ಹೆಂಡತಿಯ ಕೆಂಪು ಉಡುಪು ತೊಟ್ಟು, ತಲೆಗೆ ನರಿಯ ಮುಖವಾಡ ಹಾಕಿಕೊಂಡು ವೇದಿಕೆಗೆ ಬಂದನು. ಮುಂದೆ ಹೂವಿನ ಮುಖವಾಡ, ಬಾವಲಿಯ ರೆಕ್ಕೆ ಎಲ್ಲವೂ ಆದವು. ನಮ್ಮ ಪ್ರೇಕ್ಷಕರು ಕಂಡಿದ್ದರೆ ‘ವನ್ಸ್‌ಮೋರ್’ ಎಂದು ಕೂಗಿಯೇ ಕೂಗುತ್ತಿದ್ದರು.

1970ರಲ್ಲಿ ಆಂತೊನಿ ಫಿಲಿಪ್ಸ್ ಬಿಟ್ಟುಹೋದನು. ಅದೇ ವರ್ಷ ಡ್ರಮ್ಸ್ ನುಡಿಸಲು ಪತ್ರಿಕೆಯ ಜಾಹೀರಾತು ನೋಡಿ ಬಂದವನು ಫಿಲ್ ಕಾಲಿನ್ಸ್. ಆತನ ಪರೀಕ್ಷೆಯ ಕತೆ ಪ್ರಸಿದ್ಧವಾಗಿದೆ. ಗೇಬ್ರಿಯಲನ ತಂದೆತಾಯಿಯರ ಮನೆಯಲ್ಲಿ ಪರೀಕ್ಷೆ. ಸರದಿ ಬರುವ ತನಕ ಈಜುಕೊಳದಲ್ಲಿರು ಎಂದರಂತೆ. ಈತ ನೀರಿನಲ್ಲಿದ್ದುಕೊಂಡೇ ಮುಂದಿನವರು ನುಡಿಸುತ್ತಿದ್ದುದನ್ನೆಲ್ಲ ಕಿವಿಗೊಟ್ಟು ಕೇಳಿ, ತನ್ನ ಸರದಿ ಬರುವಷ್ಟರಲ್ಲಿ ಪಾಠವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದನು. ಕಂಪನಿಯ ಹುಡುಗರು ರಂಗದ ಪಕ್ಕದ ಪರದೆಯ ಹಿಂದೆ ನಿಂತು ದೊಡ್ಡವರ ಪಾರ್ಟನ್ನು ನುಂಗಿಕೊಳ್ಳುತ್ತಿದ್ದುದು ಹೀಗೆಯೇ. ಈ ಒಂದು ಸ್ವಭಾವವನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

1975ರಲ್ಲಿ ಗೇಬ್ರಿಯಲ್ ಬಿಟ್ಟುಹೋದನು. ಮುಖವಾಡದವನೇ ಹೋದ ಮೇಲೆ ಇನ್ನೇನು, ಕತೆ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ಉಳಿದವರು ಗಾಯಕರನ್ನು ಹುಡುಕಿ ಹುಡುಕಿ ಪರೀಕ್ಷೆ ಮಾಡಿದರು. ಬಂದವರಿಗೆ ಹಾಡು ಹೇಳಿಕೊಡುತ್ತಿದ್ದವನು ಕಾಲಿನ್ಸ್. ಹೇಳಿಕೊಡುವವನ ಗಂಟಲೇ ಕಲಿಯುವವರದಕ್ಕಿಂತ ಚೆನ್ನಾಗಿದೆ ಎಂಬುದು ಕೊನೆಗೆ ಎಲ್ಲರಿಗೂ ಹೊಳೆಯಿತು. ಡ್ರಮ್ಸಿನ ಹಿಂದಿನಿಂದ ಎದ್ದು ಆತ ಮುಂದಕ್ಕೆ ಬಂದು ನಿಂತನು. 1976ರ ‘ಎ ಟ್ರಿಕ್ ಆಫ್ ದ ಟೇಲ್’ ಇಂಗ್ಲೆಂಡಿನ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಮುಂದೆ 1977ರಲ್ಲಿ ಗಿಟಾರ್‌ನ ಸ್ಟೀವ್ ಹ್ಯಾಕೆಟ್ ಹೋದನು. ಉಳಿದ ಮೂವರೇ ‘ಆಮೇಲೆ ಮೂವರುಳಿದರು’ ಎಂಬರ್ಥದ ಹೆಸರಿಟ್ಟು 1978ರಲ್ಲಿ ಆಲ್ಬಂ ತಂದರು. 1986ರ ‘ಇನ್‌ವಿಸಿಬಲ್ ಟಚ್’ ಮತ್ತು 1991ರ ‘ವಿ ಕಾಂಟ್ ಡ್ಯಾನ್ಸ್’ ಎರಡೂ ತಮ್ಮ ದೇಶದಲ್ಲಿ ಮೊದಲ ಸ್ಥಾನ ಪಡೆದವು.

ಇಲ್ಲಿ ಸಾಮಾನ್ಯವಾಗಿ ಗಮನಿಸದೆ ಬಿಡುವ ಸಂಗತಿಯೊಂದಿದೆ. ಕಾಲಿನ್ಸ್ ಹೊಸ ಕಂಠವೇ ಅಲ್ಲ. ಗೇಬ್ರಿಯಲ್ ಹಾಡುತ್ತಿದ್ದ ಐದು ವರ್ಷವೂ ಆತನ ಹಿಂದೆ ಜೊತೆದನಿಯಾಗಿ ಕೇಳಿಸುತ್ತಿದ್ದವನು ಇವನೇ. 1971ರ ಆಲ್ಬಮ್ಮಿನಲ್ಲಿ ಒಂದು, 1973ರದರಲ್ಲಿ ಒಂದು ಹಾಡನ್ನು ಈತನೇ ಮುಂದಾಗಿ ಹಾಡಿಯೂ ಇದ್ದನು. ಹೀಗಾಗಿ ಕೇಳುಗರ ಕಿವಿಗೆ ಆ ದನಿಯ ಪರಿಚಯ ಮೊದಲೇ ಆಗಿತ್ತು. ಬ್ಯಾಂಡಿಗೂ ಆತನ ಉಸಿರಿನ ಅಳತೆ ಗೊತ್ತಿತ್ತು. ಹೊರಗಿನವರು ‘ಗಾಯಕ ಬದಲಾದ’ ಎಂದುಕೊಂಡರು. ನಡೆದುದು ಮಾತ್ರ ಮನೆಯೊಳಗೆ ಒಬ್ಬ ಒಂದು ಕೋಣೆಯಿಂದ ಇನ್ನೊಂದಕ್ಕೆ ಬಂದಂತೆ.

1996ರ ಮಾರ್ಚಿನಲ್ಲಿ ಕಾಲಿನ್ಸ್ ಬಿಟ್ಟುಹೋಗಿರುವ ಸುದ್ದಿ ಪ್ರಕಟವಾಯಿತು. ಆ ಹೊತ್ತಿಗೆ ಆತ ತನ್ನ ಸ್ವಂತ ಹಾಡುಗಳಿಂದ ಜೆನೆಸಿಸ್ಸಿಗಿಂತ ದೊಡ್ಡ ಹೆಸರಾಗಿದ್ದನು. ಉಳಿದವರು ಇಬ್ಬರು, ಬ್ಯಾಂಕ್ಸ್ ಮತ್ತು ರುದರ್‌ಫರ್ಡ್. ಶಾಲೆಯ ದಿನಗಳಿಂದ ಜೊತೆಗಿದ್ದವರು, ಬ್ಯಾಂಡಿನ ಹೆಸರಿಗೆ ನ್ಯಾಯವಾದ ಹಕ್ಕುದಾರರು. ಈ ಸಲ ಒಳಗಿನಿಂದ ಎದ್ದುಬರುವವರು ಯಾರೂ ಇರಲಿಲ್ಲ. ಹೊರಗೆ ಹುಡುಕಿ ತಂದವನು ರೇ ವಿಲ್ಸನ್ ಎಂಬ ಸ್ಕಾಟ್ಲೆಂಡಿನ ತರುಣ. 1994ರಲ್ಲಿ ಸ್ಟಿಲ್ಟ್‌ಸ್ಕಿನ್ ಎಂಬ ಗುಂಪಿನೊಂದಿಗೆ ಈತ ಹಾಡಿದ ‘ಇನ್‌ಸೈಡ್’ ಎಂಬ ಹಾಡು, ಜೀನ್ಸ್ ಷರಾಯಿಯ ಒಂದು ಜಾಹೀರಾತಿನ ಬೆನ್ನೇರಿ, ಇಂಗ್ಲೆಂಡಿನಲ್ಲಿ ಮೊದಲ ಸ್ಥಾನ ಮುಟ್ಟಿತ್ತು. ತಗ್ಗಿನ, ತುಸು ಒರಟಾದ, ಹೊಗೆಯಾಡುವಂಥ ಕಂಠ. ಡ್ರಮ್ಸಿಗೆ ಇಸ್ರೇಲಿನ ನಿರ್ ಜಿದ್ಕ್ಯಾಹು ಮತ್ತು ಅಮೆರಿಕದ ನಿಕ್ ಡಿವರ್ಜಿಲಿಯೊ ಎಂಬಿಬ್ಬರನ್ನು ಕರೆಸಿಕೊಂಡರು. ಒಬ್ಬ ಕಾಲಿನ್ಸ್ ಹೋದ ಜಾಗಕ್ಕೆ ಮೂವರು ಬಂದರು ಎಂದ ಹಾಗಾಯಿತು.

ಆಲ್ಬಮ್ಮಿನಲ್ಲಿ ಹನ್ನೊಂದು ಹಾಡುಗಳಿವೆ. ಎಲ್ಲ ಸೇರಿ ಒಂದು ಗಂಟೆಯನ್ನು ಮೀರುತ್ತದೆ. ಮೊದಲನೆಯದು ಹೆಸರಿನ ಹಾಡೇ. ಗಿಟಾರ್ ಭಾರವಾಗಿ ಹೆಜ್ಜೆಯಿಟ್ಟು ಬರುತ್ತದೆ; ವಿಲ್ಸನ್ನನ ದನಿ ಅದರ ಕೆಳಗಿನಿಂದ ಮೇಲಕ್ಕೇರುತ್ತದೆ. ಒಳ್ಳೆಯ ಆರಂಭ. ಕಾಲಿನ್ಸನ ಕಾಲದಲ್ಲಿ ಕಾಣೆಯಾಗಿದ್ದ ಒಂದು ಕತ್ತಲೆ ಇಲ್ಲಿ ಮರಳಿ ಬಂದಿದೆ, ಇವರು ತಮ್ಮ ಮೊದಲ ದಿನಗಳ ದಾರಿ ಹಿಡಿಯುತ್ತಾರೋ ಏನೋ ಎಂದು ಆಸೆ ಹುಟ್ಟುತ್ತದೆ. ಎರಡನೆಯ ಹಾಡು ‘ಕಾಂಗೋ’ ಆ ಆಸೆಯನ್ನು ಕುಂದಿಸುತ್ತದೆ. ಆಫ್ರಿಕದ ಮೇಳದಂತೆ ಕೇಳುವ ದನಿಗಳು, ಅದಕ್ಕೆ ತಕ್ಕ ತಾಳ. ಆಮೇಲೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲದಂತೆ ಒಂದು ಸಾಧಾರಣ ಜಗಳದ ಹಾಡು. ಬಾಗಿಲಿಗೆ ತೋರಣ ಕಟ್ಟಿ ಒಳಗೆ ಮದುವೆಯೇ ಇಲ್ಲದ ಮನೆಯಂತಿದೆ.

‘ಶಿಪ್‌ರೆಕ್ಡ್’ ಚೆಲುವಾದ ರಾಗ, ಆದರೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ‘ಏಲಿಯನ್ ಆಫ್ಟರ್‌ನೂನ್’ ಎರಡು ಹಾಡುಗಳನ್ನು ಹೊಲಿದು ಒಂದು ಮಾಡಿದಂತಿದೆ, ಹೊಲಿಗೆ ಕಾಣುತ್ತದೆ. ‘ಇಫ್ ದಟ್ಸ್ ವಾಟ್ ಯು ನೀಡ್’ ಬಗ್ಗೆ ಹೇಳುವಂಥದು ಏನೂ ಇಲ್ಲ. ‘ಅನ್‌ಸರ್ಟನ್ ವೆದರ್’ ಹಾಗಲ್ಲ: ಹಳೆಯ ಭಾವಚಿತ್ರದೊಳಗಿನ ಒಬ್ಬ ಅಜ್ಞಾತನ ಮುಖ ನೋಡುತ್ತ, ಇವನು ಯಾರಿದ್ದನೋ, ಏನಾದನೋ ಎಂದು ಯೋಚಿಸುವ ಹಾಡು. ವಸ್ತು ದೊಡ್ಡದು. ಬ್ಯಾಂಕ್ಸನ ಕೀಬೋರ್ಡ್ ಮೋಡದಂತೆ ಕವಿದುಕೊಳ್ಳುತ್ತದೆ. ಆದರೆ ಮೋಡ ಎಲ್ಲಿಯೂ ಚದುರದು, ಮಳೆಯೂ ಬಾರದು.

ನನ್ನ ಮುಖ್ಯ ಆಕ್ಷೇಪಣೆ ಇಲ್ಲಿಂದ ಹುಟ್ಟುತ್ತದೆ. ಈ ಹಾಡುಗಳಿಗೆ ಬೇಕಾಗಿದ್ದುದು ಬೇರೆ ಗಾಯಕನಲ್ಲ. ‘ಇಷ್ಟು ಸಾಕು, ನಿಲ್ಲಿಸು’ ಎನ್ನುವ ಒಬ್ಬ ಮನುಷ್ಯ. ಜೆನೆಸಿಸ್ಸಿನ ಮೂವರು ಎಂಬತ್ತರ ದಶಕದಲ್ಲಿ ಹಾಡು ಕಟ್ಟುತ್ತಿದ್ದ ಬಗೆ ಹೀಗೆ: ಮೊದಲೇ ಬರೆದದ್ದೇನನ್ನೂ ತರದೆ ಒಂದು ಕೋಣೆಯಲ್ಲಿ ಸೇರುವುದು, ತೋಚಿದಂತೆ ನುಡಿಸುತ್ತ ಹೋಗುವುದು, ಯಾರಿಗಾದರೂ ಏನಾದರೂ ಹಿಡಿಸಿದರೆ ಅದನ್ನು ಹಿಡಿದು ಬೆಳೆಸುವುದು. ಬ್ಯಾಂಕ್ಸನಿಗೆ ಸ್ವರಗಳ ಸಂಪತ್ತಿದೆ. ಒಂದರ ಮೇಲೊಂದು ಪೇರಿಸುವ ಚಪಲವೂ ಇದೆ. ರುದರ್‌ಫರ್ಡನಿಗೆ ಸರಳವಾದ ರಾಗದ ಹುಚ್ಚು. ಇವರಿಬ್ಬರ ನಡುವೆ ಕೂತವನು ಡ್ರಮ್ಸಿನವನು. ತಾಳ ಹಿಡಿದವನ ಕೈ ಎಲ್ಲಿ ಏಳುತ್ತದೋ ಅಲ್ಲಿ ಹಾಡು ಏಳುತ್ತದೆ. ಎಲ್ಲಿ ಅವನಿಗೆ ಬೇಸರವೋ ಅಲ್ಲಿ ನಿಲ್ಲುತ್ತದೆ. ಕಾಲಿನ್ಸ್ ಹೋದಾಗ ಜಗತ್ತು ಗಾಯಕನಿಗಾಗಿ ಅತ್ತಿತು. ಆದರೆ ಬ್ಯಾಂಡು ಕಳೆದುಕೊಂಡುದು ಗಾಯಕನಿಗಿಂತ ಹೆಚ್ಚಾಗಿ ತಾಳಗಾರನನ್ನು, ತಾಳಗಾರನಿಗಿಂತ ಹೆಚ್ಚಾಗಿ ಆ ಮೂರನೆಯ ಕಿವಿಯನ್ನು.

ಹೊಸ ತಾಳಗಾರರು ಕೀಳಲ್ಲ. ‘ದ ಡಿವೈಡಿಂಗ್ ಲೈನ್’ ಎಂಬ ಹಾಡಿನಲ್ಲಿ ಜಿದ್ಕ್ಯಾಹುವಿನ ಕೈಚಳಕ ಮೆಚ್ಚತಕ್ಕದ್ದು. ಬೀದಿಯ ಬಡವನನ್ನು ಕಂಡೂ ಕಾಣದಂತೆ ದಾಟಿಹೋಗುವ ನಗರದ ಬಗೆಗಿನ ಆ ಹಾಡಿಗೆ ಆತ ಕೋಪವನ್ನು ತುಂಬಿದ್ದಾನೆ. ಆದರೆ ಆತ ಕರೆಗೆ ಬಂದು ನುಡಿಸಿ ಹೋಗುವವನು. ಒಡೆಯರಿಗೆ ‘ಬೇಡ’ ಎನ್ನುವ ಸಲಿಗೆ ಅವನಿಗೆಲ್ಲಿಯದು?

ವಿಲ್ಸನ್ನನ ಸ್ಥಿತಿಯೂ ಅದೇ. ಆಲ್ಬಮ್ಮಿನ ಹಾಡುಗಳು ಬಹುಪಾಲು ಆತ ಬಂದು ಸೇರುವ ಮೊದಲೇ ರೂಪುಗೊಂಡಿದ್ದವು. ಹನ್ನೊಂದರಲ್ಲಿ ಮೂರಕ್ಕೆ ಮಾತ್ರ ಕಟ್ಟಿದವರ ಸಾಲಿನಲ್ಲಿ ಆತನ ಹೆಸರಿದೆ: ‘ನಾಟ್ ಅಬೌಟ್ ಅಸ್’, ‘ಸ್ಮಾಲ್ ಟಾಕ್’, ‘ದೇರ್ ಮಸ್ಟ್ ಬಿ ಸಮ್ ಅದರ್ ವೇ’. ಉಳಿದವುಗಳಲ್ಲಿ ಆತ ಬೇರೆಯವರ ಅಂಗಿ ತೊಟ್ಟವನಂತೆ ಕೇಳಿಸುತ್ತಾನೆ. ತೋಳು ಉದ್ದ, ಕತ್ತು ಬಿಗಿ.

ಕೊರಟಗೆರೆ ತಾಲ್ಲೂಕಿನ ನಮ್ಮ ಹೊಳವನಹಳ್ಳಿಯ ಸುತ್ತಮುತ್ತ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳ ಪದ್ಧತಿಯನ್ನು ಬಲ್ಲವರಿಗೆ ಇದರ ತಪ್ಪು ಬೇಗ ಹೊಳೆಯುತ್ತದೆ. ‘ಕುರುಕ್ಷೇತ್ರ’ದಲ್ಲಿ ದುರ್ಯೋಧನನ ಪಾರ್ಟು ಕಟ್ಟುತ್ತಿದ್ದವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟುಹೋದನೆನ್ನಿ. ಮೇಷ್ಟ್ರು ಹೊಸಬನನ್ನು ಕೂರಿಸಿಕೊಂಡು ಮೊದಲು ಮಾಡುವ ಕೆಲಸ ಮಾತು ಕಲಿಸುವುದಲ್ಲ. ಅವನಿಂದ ಒಂದು ಕಂದಪದ್ಯ ಹಾಡಿಸುತ್ತಾರೆ. ಗಂಟಲು ಎಲ್ಲಿಯವರೆಗೆ ಹತ್ತುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ನೋಡುತ್ತಾರೆ. ಆಮೇಲೆ ಪೆಟ್ಟಿಗೆಯ ಮೇಲೆ ಬೆರಳನ್ನು ಒಂದು ಮನೆ ಕೆಳಗೋ ಮೇಲೋ ಇಟ್ಟುಕೊಳ್ಳುತ್ತಾರೆ. ಹಾಡು ಅವನ ಬಾಯಲ್ಲಿ ಕೂರದಿದ್ದರೆ ಅದನ್ನು ಬಿಟ್ಟು ಅದೇ ಸಂದರ್ಭಕ್ಕೆ ಬೇರೊಂದನ್ನು ಹಾಕುವುದೂ ಉಂಟು. ದುರ್ಯೋಧನ ಬದಲಾಗುವುದಿಲ್ಲ, ಅವನ ಕತೆ ವ್ಯಾಸರ ಕಾಲದಿಂದ ಗಟ್ಟಿಯಾಗಿ ನಿಂತಿದೆ. ಅಂಥ ಗಟ್ಟಿ ಪಾತ್ರಕ್ಕೇ ಇಷ್ಟು ಹೊಂದಿಕೆ ಬೇಕಾದರೆ, ನಿನ್ನೆ ಮೊನ್ನೆ ಇಬ್ಬರು ಕೂತು ಕಟ್ಟಿದ ಹಾಡಿಗೆ ಎಷ್ಟು ಬೇಡ?

ಈಗ ಆ ಮೂರು ಹಾಡುಗಳನ್ನು ನೋಡೋಣ. ಮೂರೂ ಶ್ರೇಷ್ಠ ಎಂದರೆ ನನ್ನ ವಾದ ಚೆನ್ನಾಗಿ ಕೂರುತ್ತಿತ್ತು; ಆದರೆ ‘ಸ್ಮಾಲ್ ಟಾಕ್’ ಹಗುರ ಸರಕು, ಅದನ್ನು ಎತ್ತಿ ಹಿಡಿಯಲಾರೆ. ಉಳಿದೆರಡು ಬೇರೆಯೇ ಜಾತಿ. ‘ನಾಟ್ ಅಬೌಟ್ ಅಸ್’ ಮರದ ಗಿಟಾರಿನ ಮೇಲೆ ನಿಂತ ಹಾಡು. ಇಲ್ಲಿ ಕೀಬೋರ್ಡ್ ತನ್ನ ಸಂಪತ್ತನ್ನು ಮೆರೆಸುವುದಿಲ್ಲ, ಹಿಂದೆ ಸರಿದು ನಿಲ್ಲುತ್ತದೆ. ವಿಲ್ಸನ್ ಕೂಗದೆ, ಪಕ್ಕದಲ್ಲಿ ಕೂತವನಿಗೆ ಹೇಳುವಂತೆ ಹೇಳುತ್ತಾನೆ.

‘ದೇರ್ ಮಸ್ಟ್ ಬಿ ಸಮ್ ಅದರ್ ವೇ’ ಈ ಆಲ್ಬಮ್ಮಿನ ಶಿಖರ. ಮುರಿದುಬೀಳುತ್ತಿರುವ ದಾಂಪತ್ಯ ವಸ್ತು. ಮೊದಲಲ್ಲಿ ಬಹಳ ತಗ್ಗಿದ ದನಿ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ, ಎಚ್ಚರವಾದೀತು ಎಂಬಂತೆ. ಸಾಲು ಸಾಲಿಗೂ ಅದು ಮೇಲೇರಿ ಪಲ್ಲವಿಯಲ್ಲಿ ಒಡೆದುಕೊಳ್ಳುತ್ತದೆ. ಕಾಲಿನ್ಸ್ ಹಾಡಿದ್ದರೆ ಇಲ್ಲಿ ಕಣ್ಣೀರು ಬರುತ್ತಿತ್ತು. ಆತನ ಕಂಠದ ಗುಣ ಅದು. ವಿಲ್ಸನ್ನನಲ್ಲಿ ಕಣ್ಣೀರಿಲ್ಲ, ಒಣಗಿದ ಸಿಟ್ಟಿದೆ, ಮಾತಾಡಿ ಮಾತಾಡಿ ಸೋತವನ ಸಿಟ್ಟು. ನಡುವೆ ಬ್ಯಾಂಕ್ಸನ ಕೀಬೋರ್ಡ್ ಸರದಿ ಬರುತ್ತದೆ. ಅವನೂ ಎಷ್ಟೋ ವರ್ಷಗಳ ಮೇಲೆ ಯಾರಿಗೋ ಉತ್ತರ ಕೊಡುವವನಂತೆ ನುಡಿಸಿದ್ದಾನೆ. ಈ ಹಾಡಿನಲ್ಲಿ ಹೊಸ ಬ್ಯಾಂಡು ಹುಟ್ಟಿರುವುದನ್ನು ಕಿವಿಯಿದ್ದವರು ಕೇಳಬಹುದು. ಇಂಥ ಇನ್ನೈದು ಹಾಡುಗಳಿಗೆ ಬೇಕಾದುದು ಇನ್ನೊಂದು ಆಲ್ಬಮ್ಮಿನ ಅವಕಾಶ. ಅದನ್ನು ಆತನಿಗೆ ಕೊಡಲಿಲ್ಲ. ಅನ್ಯಾಯವೆಂದು ನಾನು ಕರೆದುದು ಇದನ್ನು.

ವ್ಯಾಪಾರದ ಲೆಕ್ಕ ಹೀಗಿದೆ. ಇಂಗ್ಲೆಂಡಿನಲ್ಲಿ ಆಲ್ಬಂ ಎರಡನೆಯ ಸ್ಥಾನ ಮುಟ್ಟಿತು, ಅದು ಸೋಲಲ್ಲ. ಅಮೆರಿಕದಲ್ಲಿ 54ಕ್ಕೆ ನಿಂತಿತು. ಹಿಂದಿನ ಆಲ್ಬಂ ಅಲ್ಲಿ ನಾಲ್ಕನೆಯದಾಗಿತ್ತು. ಅಮೆರಿಕದ ಪ್ರವಾಸವನ್ನು ರದ್ದುಮಾಡಿದರು. 1998ರ ಮೊದಲ ತಿಂಗಳುಗಳಲ್ಲಿ ಯುರೋಪಿನಲ್ಲಿ ಕಚೇರಿಗಳು ನಡೆದವು. ಹಲವು ವರ್ಷ ವೇದಿಕೆಯ ಮೇಲೆ ಜೊತೆಗಿದ್ದ ಗಿಟಾರ್‌ನ ಡೇರಿಲ್ ಸ್ಟರ್ಮರ್ ಆಗಲಿ ಡ್ರಮ್ಸಿನ ಚೆಸ್ಟರ್ ಥಾಂಪ್ಸನ್ ಆಗಲಿ ಈ ಪ್ರವಾಸದಲ್ಲಿರಲಿಲ್ಲ. ಅಂದರೆ ಹೊಸಬನಿಗೆ ಹಳೆಯ ದಾರಿ ತೋರಿಸುವವರೂ ಕಡಮೆ. ಪ್ರತಿ ರಾತ್ರಿ ಗೇಬ್ರಿಯಲನ ಹಾಡನ್ನೂ ಕಾಲಿನ್ಸನ ಹಾಡನ್ನೂ ತನ್ನ ಹಾಡನ್ನೂ ಆತ ಒಬ್ಬನೇ ಹೊತ್ತನು. ಪ್ರವಾಸ ಮುಗಿಯಿತು. ಅಲ್ಲಿಗೆ ಆತನ ಋಣವೂ ಮುಗಿಯಿತು.

ಹಳೆಯ ಬ್ಯಾಂಡುಗಳು ಮುಖ್ಯರು ಹೋದ ಮೇಲೆ ಆಲ್ಬಂ ಮಾಡಿದ ಉದಾಹರಣೆಗಳು ಬೇರೆಯೂ ಇವೆ. ಅಮೆರಿಕದ ಡೋರ್ಸ್ ತನ್ನ ಗಾಯಕ ಜಿಮ್ ಮಾರಿಸನ್ 1971ರಲ್ಲಿ ತೀರಿಕೊಂಡ ಮೇಲೆ ಎರಡು ಆಲ್ಬಂ ತಂದಿತು. ವೆಲ್ವೆಟ್ ಅಂಡರ್‌ಗ್ರೌಂಡಿನ 1973ರ ‘ಸ್ಕ್ವೀಜ್’ನಲ್ಲಿ ಆ ಗುಂಪನ್ನು ಕಟ್ಟಿದವರು ಒಬ್ಬರೂ ಇಲ್ಲ. ಕ್ಲ್ಯಾಷ್ ಎಂಬ ಪಂಕ್ ಗುಂಪು ತನ್ನ ಮುಖ್ಯ ರಾಗಕಾರ ಮಿಕ್ ಜೋನ್ಸನನ್ನು ಹೊರಹಾಕಿ, ಹೊಸಬರನ್ನು ಸೇರಿಸಿಕೊಂಡು 1985ರಲ್ಲಿ ತಂದ ಕೊನೆಯ ಆಲ್ಬಂ ಇಂದಿಗೂ ಆ ಗುಂಪಿನ ಅಭಿಮಾನಿಗಳಿಗೆ ಮುಜುಗರದ ವಿಷಯ. ಇವುಗಳೊಡನೆ ಜೆನೆಸಿಸ್ಸಿನದನ್ನು ಒಂದೇ ಕಪಾಟಿನಲ್ಲಿ ಇಡುವುದು ವಾಡಿಕೆಯಾಗಿದೆ. ವಾಡಿಕೆ ಸರಿಯಲ್ಲ, ಆ ಆಲ್ಬಮ್ಮುಗಳಲ್ಲಿ ಮುಗಿದುಹೋದ ಸಂಸಾರದ ಪಾತ್ರೆ ಎತ್ತಿಡುವ ಸದ್ದಿದೆ, ಇದರಲ್ಲಿ ಒಂದೆರಡು ಕಡೆಯಾದರೂ ಹೊಸ ಒಲೆ ಹೊತ್ತಿಸಿದ ಹೊಗೆಯಿದೆ.

ಇಷ್ಟಕ್ಕೂ ರುದರ್‌ಫರ್ಡನಿಗೆ ಬಾಡಿಗೆ ಕಂಠಗಳೊಡನೆ ಕೆಲಸ ಮಾಡುವುದು ತಿಳಿಯದ ವಿದ್ಯೆಯಲ್ಲ. ಆತ ತನ್ನದೇ ‘ಮೈಕ್ ಅಂಡ್ ದ ಮೆಕ್ಯಾನಿಕ್ಸ್’ ಎಂಬ ಗುಂಪಿನಲ್ಲಿ 1985ರಿಂದಲೂ ಬೇರೆ ಬೇರೆ ಗಾಯಕರಿಂದ ಹಾಡಿಸಿ ಗೆದ್ದವನು. ಪಾಲ್ ಕ್ಯಾರಕ್ ಹಾಡಿದ ‘ದ ಲಿವಿಂಗ್ ಇಯರ್ಸ್’ 1989ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು. ಅಲ್ಲಿ ಗೆದ್ದುದು ಇಲ್ಲಿ ಏಕೆ ಸೋತಿತು? ಅಲ್ಲಿ ಯಾರ ಕುರ್ಚಿಯೂ ಮೊದಲೇ ಕಾಯ್ದಿರಿಸಿರಲಿಲ್ಲ. ಯಂತ್ರ ರಿಪೇರಿಯವರು ಎಂದು ಹೆಸರಿಟ್ಟುಕೊಂಡ ಗುಂಪಿನಲ್ಲಿ ಯಾರು ಪಾನಾ ಹಿಡಿದರೆ ಏನು?

ನಮ್ಮವರೇ ಆದ ಮೈಸೂರಿನ ರಘು ದೀಕ್ಷಿತರೂ ಇಂಥದೇ ಒಂದು ಜಾಣತನ ತೋರಿದ್ದಾರೆ. ಅವರ ಮೊದಲಿನ ‘ಅಂತರಾಗ್ನಿ’ ಎಂಬ ಬ್ಯಾಂಡು ಚದುರಿಹೋಯಿತು. ಮುಂದೆ ಕಟ್ಟಿದುದಕ್ಕೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಹೆಸರಿಟ್ಟು, ಯಾರು ಬಂದರೂ ಹೋದರೂ ಕೆಲಸ ನಿಲ್ಲದಂತೆ ಮಾಡಿಕೊಂಡರು. 2008ರಲ್ಲಿ ಬಂದ ಮೊದಲ ಆಲ್ಬಮ್ಮಿನಲ್ಲಿ ಹಳೆಯ ಬ್ಯಾಂಡಿನ ಹೆಸರನ್ನು ಶೀರ್ಷಿಕೆಯಾಗಿ ಉಳಿಸಿಕೊಂಡರು. ಅದರಲ್ಲಿ ಜನರ ಬಾಯಲ್ಲಿ ನಿಂತ ಕನ್ನಡ ಹಾಡುಗಳು ಶಿಶುನಾಳ ಶರೀಫರವು ಎಂಬುದನ್ನೂ ಗಮನಿಸಬೇಕು. ಆ ಪದಗಳು ತಲೆಮಾರುಗಳಿಂದ ಎಷ್ಟೋ ಕಂಠ ಕಂಡಿವೆ. ಗಿಟಾರ್ ಬದಲಾದರೆ ಅವು ಬೆದರುವುದಿಲ್ಲ. ಗುಬ್ಬಿ ಕಂಪನಿಗೂ ಇದೇ ಬಲವಿತ್ತು. ಪೌರಾಣಿಕ ಕತೆ ಯಾವ ನಟನದೂ ಅಲ್ಲ. ಕಲಿಸುವ ಪದ್ಧತಿ ಕಂಪನಿಯದು. ಕಲಿಯುವ ಹುಡುಗರು ಅಲ್ಲೇ ಉಂಡು ಮಲಗುವವರು. ಕರಾವಳಿಯಿಂದ ಓಡಿಬಂದ ಹುಡುಗ 
ಬಿ. ವಿ. ಕಾರಂತರು ಪಳಗಿದುದೂ ಆ ಮನೆಯಲ್ಲೇ. ರಾಕ್ ಬ್ಯಾಂಡಿಗೆ ಹಿಂದಿನವರ ಕತೆಯೂ ಇಲ್ಲ, ಮುಂದಿನವರ ಪಾಠಶಾಲೆಯೂ ಇಲ್ಲ. ನಾಲ್ವರು ಸ್ನೇಹಿತರ ಒಡನಾಟವೇ ಅದರ ಪುರಾಣ. ಒಡನಾಟವನ್ನು ಸಂಬಳಕ್ಕೆ ಗೊತ್ತುಮಾಡಿಕೊಳ್ಳಲು ಬರುವುದಿಲ್ಲ. ಹೊಸದಾಗಿ ಬೆಳೆಸಬಹುದು, ಅದಕ್ಕೆ ಕಾಲ ಬೇಕು.

ಆಮೇಲಿನ ಸಂಗತಿಗಳು ವಿಲ್ಸನ್ನನ ಪಾಲಿಗೆ ಇನ್ನೂ ಕಠಿಣ. 1999ರಲ್ಲಿ ಆಯ್ದ ಹಾಡುಗಳ ಸಂಕಲನವೊಂದು ಬಂದಾಗ ‘ಕಾಂಗೋ’ಗೆ ಅದರಲ್ಲಿ ಜಾಗ ಸಿಕ್ಕಿತು, ಅಂದರೆ ಆತನ ಅತ್ಯಂತ ದುರ್ಬಲ ಹಾಡುಗಳಲ್ಲಿ ಒಂದಕ್ಕೆ. ಅದೇ ಸಂಕಲನಕ್ಕಾಗಿ ಗೇಬ್ರಿಯಲ್, ಕಾಲಿನ್ಸ್ ಇಬ್ಬರೂ ಒಂದು ಹಳೆಯ ಹಾಡನ್ನು ಹೊಸದಾಗಿ ಹಾಡಿಕೊಟ್ಟರು. 2007ರಲ್ಲಿ ಕಾಲಿನ್ಸ್ ಮರಳಿ ಬಂದು ಮೂವರೂ ಪ್ರವಾಸ ಹೋದರು. 2021ರಲ್ಲಿ ಮತ್ತೆ ಹೊರಟು 2022ರ ಮಾರ್ಚ್ 26ರಂದು ಲಂಡನ್ನಿನಲ್ಲಿ ಕೊನೆಯ ಕಚೇರಿ ಮಾಡಿದರು. ದೇಹಸ್ಥಿತಿ ಕುಗ್ಗಿದ್ದ ಕಾಲಿನ್ಸ್ ಕುರ್ಚಿಯ ಮೇಲೆ ಕೂತು ಹಾಡಿದನು. ಡ್ರಮ್ಸ್ ನುಡಿಸಿದವನು ಆತನ ಮಗ ನಿಕ್. ತಂದೆಯ ಕೈ ಮಗನಿಗೆ ಬಂದಿರುವುದನ್ನು ಕಂಡು ಜನ ಮರುಳಾದರು. ನಮ್ಮ ಕಂಪನಿ ಮನೆತನಗಳ ಸಂಪ್ರದಾಯವೇ ಅಲ್ಲವೇ ಇದು! ಆದರೆ ಈ ಎರಡು ಪ್ರವಾಸಗಳಲ್ಲಿಯೂ ‘ಕಾಲಿಂಗ್ ಆಲ್ ಸ್ಟೇಷನ್ಸ್’ನ ಒಂದು ಹಾಡೂ ಕೇಳಿಸಲಿಲ್ಲ. 2010ರಲ್ಲಿ ಅಮೆರಿಕದ ರಾಕ್ ಕೀರ್ತಿಮಂದಿರಕ್ಕೆ ಬ್ಯಾಂಡನ್ನು ಸೇರಿಸಿದಾಗ ಐವರ ಹೆಸರಿತ್ತು; ಆರನೆಯದಾಗಿ ವಿಲ್ಸನ್ನನದು ಇರಲಿಲ್ಲ.

ಆತ ಸುಮ್ಮನೆ ಕೂರಲಿಲ್ಲವೆಂಬುದು ಸಂತೋಷದ ವಿಷಯ. ಪೋಲೆಂಡಿಗೆ ಹೋಗಿ ನೆಲೆಸಿ, ಸ್ವಂತ ಹಾಡುಗಳನ್ನೂ ಕಟ್ಟುತ್ತ, ಜೆನೆಸಿಸ್ಸಿನ ಹಾಡುಗಳನ್ನು ಸಿಂಫೊನಿ ವಾದ್ಯವೃಂದದೊಡನೆಯೂ ಹಾಡಿದ್ದಾನೆ. ಮನೆಯವರು ಅಟ್ಟದ ಮೇಲಿಟ್ಟು ಮರೆತುದನ್ನು ಹೊರಗಿನಿಂದ ಬಂದವನು ಇಳಿಸಿ ಒರೆಸಿಟ್ಟುಕೊಂಡಿದ್ದಾನೆ.

ಆಲ್ಬಮ್ಮಿನ ಹನ್ನೊಂದನೆಯ, ಅಂದರೆ ಜೆನೆಸಿಸ್ಸಿನ ಆಲ್ಬಮ್ಮುಗಳಲ್ಲೆಲ್ಲ ಕಟ್ಟಕಡೆಯ ಹಾಡಾದ ‘ಒನ್ ಮ್ಯಾನ್ಸ್ ಫೂಲ್’, ಕಟ್ಟಡಗಳು ಕುಸಿದು ಧೂಳು ಆಕಾಶದಲ್ಲಿ ನಿಂತ ಚಿತ್ರದಿಂದ ಆರಂಭವಾಗುತ್ತದೆ. ತನ್ನದೇ ಸತ್ಯವೆಂದು ನಂಬಿ ಕೊಲ್ಲಲು ಹೊರಟವರನ್ನು ಕುರಿತ ಹಾಡು ಇದು, 2001ಕ್ಕೆ ನಾಲ್ಕು ವರ್ಷ ಮೊದಲಿನದು. ಇಂದು ಕೇಳುವವರಿಗೆ ಮೈ ಜುಮ್ಮೆನ್ನುತ್ತದೆ. ಉತ್ತರಾರ್ಧ ಎಂದಿನಂತೆ ಸ್ವಲ್ಪ ಎಳೆದುಹೋಗಿದೆ. ಬಿಡುವಿಲ್ಲದ ಓದುಗರು ಒಂದು ಗಂಟೆಯನ್ನೂ ಇದಕ್ಕೆ ಕೊಡಬೇಕಾಗಿಲ್ಲ. ಮೊದಲು ಹತ್ತನೆಯದನ್ನು ಕೇಳಿ, ಆಮೇಲೆ ಐದನೆಯದು, ಆಮೇಲೆ ಮೊದಲನೆಯದು ಮತ್ತು ಏಳನೆಯದು. ಕಾಲಿನ್ಸನ ಹಾಡುಗಳನ್ನು ಅದೇ ಸಂಜೆ ಹಾಕಬೇಡಿ.